ನಮ್ಮ ಮ್ಯಾಲಿನ ಧರಣಿಗೆ ನಾವೇ ಜನ

ನನ್ನ ಹೊಟ್ಟಿ ಮ್ಯಾಲ ಹೊಡಿಯೋ ಧರಣಿಗೆ ನಾನೇ ಹೋಗಿ ಕುಂತು ಬಂದೀನಿ. ಸುಳ್ಳಲ್ಲ. ಕರದೋರು ಅವರೇ, ಗಾಡಿ ಮಾಡಿದೋರು ಅವರೇ, ಶಾಮಿಯಾನದ ಕೆಳಗ ಮುಂದಿನ ಸಾಲಿನ್ಯಾಗ ಕುಂದ್ರಿಸಿದೋರೂ ಅವರೇ. ಆಮ್ಯಾಲ ನಮ್ಮನ್ನ ನೋಡಿ ಹಲ್ಲು ಕಡಿದೋರೂ ಅವರೇ. ಈಗಲೂ ಊರಾಗ ಯಾರರ ಲಿಂಗಸೂಗೂರಿನ ಮಾತು ತೆಗದ್ರ ನಮ್ಮ ಗುಂಪಿನ ಹೆಣ್ಮಕ್ಕಳು ಸೆರಗು ಬಾಯಿಗಿಟ್ಕೊಂಡು ನಗ್ತಾರ. ನಾ ಸೆರಗು ಇಟ್ಕೊಳ್ಳಂಗಿಲ್ಲ. ಬಾಯಿ ಬಿಟ್ಟೇ ನಗ್ತೀನಿ.

ನಾ ಯಾರು ಅಂತ ಮೊದಲ ಹೇಳಿಬಿಡ್ತೀನಿ. ತುರ್ವಿಹಾಳ ದಾಟಿ ಇನ್ನೂ ಒಳಗ, ಕಾಲ್ವಿ ದಂಡಿಗೆ ನಮ್ಮೂರು. ನಾ ನೆಲ್ಲು ಹಚ್ಚೋಕಿ. ಮದ್ವಿಯಾಗಿ ಬಂದ ವರ್ಷ ರಾಡ್ಯಾಗ ಇಟ್ಟ ಕಾಲು, ಇನ್ನೂ ತೆಗದಿಲ್ಲ. ಹತ್ತನೇತ್ತಿತನ ಸಾಲಿ ಕಲ್ತಿದ್ದೆ, ಅದಕ್ಕ ಪಂಚಾಯ್ತಿಯೋರು ಖಾತ್ರಿ ಕೆಲಸಕ್ಕ ನನ್ನ ಮೇಟ್ ಮಾಡಿದ್ರು. ಖಾತ್ರಿ ಅಂದ್ರ ಸರಕಾರದ ಉದ್ಯೋಗ ಖಾತ್ರಿ. ಹಳ್ಳದ ಹೂಳು ತೆಗಿಯೋದು, ಬದು ಹಾಕೋದು, ಗಿಡದ ಕುಣಿ ತೋಡೋದು. ಮೇಟ್ ಅಂದ್ರ ದೊಡ್ಡ ಹುದ್ದಿ ಅಂತ ತಿಳ್ಕೋಬ್ಯಾಡ್ರಿ. ಮುಂಜಾನೆದ್ದು ಮಂದೀನ ಸಾಲಾಗಿ ನಿಲ್ಲಿಸಿ ಮೊಬೈಲಿನ್ಯಾಗ ಫೋಟೋ ಹೊಡಿಬೇಕು. ಅದು ಹೋಗಲಿಲ್ಲಂದ್ರ ಮೊಬೈಲ್ ಎತ್ತಿ ಹಿಡ್ಕೊಂಡು ಸಿಗ್ನಲ್ ಹುಡುಕೋತ ದಿಬ್ಬ ಹತ್ತಬೇಕು. ಹಾದಿ ಮ್ಯಾಲ ಹೋಗೋರು ನೋಡಿ "ಏನಬೇ, ಆಕಾಶಕ್ಕ ಆರತಿ ಬೆಳಗಾಕತ್ತೀಯೇನು" ಅಂತ ಚ್ಯಾಷ್ಟಿ ಮಾಡ್ತಾರ. ಮಾಡ್ಲಿ. ಆ ಫೋಟೋದಾಗ ನಮ್ಮ ಕೂಲಿ ಐತಿ.

ನಾಟಿ ಗುಂಪಿನ ಒಂದು ರಿವಾಜು ಹೇಳಬೇಕು, ಇಲ್ಲಂದ್ರ ಮುಂದಿನ ಕತಿ ನಿಮಗ ತಿಳಿಯಂಗಿಲ್ಲ. ನಾವು ಸಾಲು ಹಿಡಿದು ಬಗ್ಗಿದಾಗ ಹಾಡು ಎತ್ತೋಕಿ ಒಬ್ಬಾಕಿನೇ ಇರ್ತಾಳ. ನಮ್ಮ ಗುಂಪಿಗೆ ಆಕಿ ದೊಡ್ಡಾಕಿ. ವಯಸ್ಸಿಗೂ ದೊಡ್ಡಾಕಿ, ಬಾಯಿಗೂ ದೊಡ್ಡಾಕಿ; ಆಕಿ ಗಂಟಲು ಮೂರು ಗದ್ದಿ ಆಚಿಗೆ ಕೇಳಿಸ್ತೈತಿ. ಆಕಿ ಎತ್ತಿದ ಸೊಲ್ಲನ್ನ ಉಳಿದೋರೆಲ್ಲ ತಿರುಗಿ ಹೇಳಬೇಕು. ಏನಂದಳು, ಯಾಕಂದಳು ಅಂತ ಯಾರೂ ವಿಚಾರ ಮಾಡಂಗಿಲ್ಲ. ನಡ ಬಗ್ಗಿಸಿ ನೀರಾಗ ನಿಂತಾಕಿಗೆ ವಿಚಾರ ಮಾಡಾಕ ಉಸಿರೆಲ್ಲಿರ್ತೈತಿ? ಆಕಿ ಎತ್ತಿದಳು ಅಂದ್ರ ನಮ್ಮ ಬಾಯಿ ತಾನೇ ತೆರಿತೈತಿ. ನಮ್ಮೂರಷ್ಟೇ ಅಲ್ಲ, ಕಾಲ್ವಿ ಸೀಮಿ ತುಂಬ ಇದೇ ರಿವಾಜು.

ಇನ್ನ "ಒಲ್ಲೆ" ಅನ್ನೋ ಮಾತಿಗೆ ಬರ್ತೀನಿ. ಖಾತ್ರಿ ಬರೋಕಿಂತ ಮೊದಲ ನಮಗ ಆ ಮಾತು ಇರಲಿಲ್ಲ. ಇತ್ತು, ಊಟಕ್ಕ ಕುಂತಾಗ ಇನ್ನೊಂದು ರೊಟ್ಟಿ ಹಾಕ್ಲೇನು ಅಂದ್ರ ಅನ್ನಾಕ ಇತ್ತು. ಸಾಹುಕಾರ್ರ ಮುಂದ ಅನ್ನಾಕ ಇರಲಿಲ್ಲ. ನಾಟಿ ಚಾಲೂ ಆತಂದ್ರ ಅವರ ಮನಿ ಆಳು ಬಂದು "ನಿಮ್ಮ ಮನ್ಯಾಗ ಇಬ್ಬರು" ಅಂತ ಕೂಗಿ ಹೋಗ್ತಿದ್ದ. ಇಬ್ಬರು ಅಂದ್ರ ಇಬ್ಬರೇ. ಜ್ವರ ಇರ್ಲಿ, ಬಾಣಂತಿ ಇರ್ಲಿ. ನಮ್ಮತ್ತಿ ದಿನ ತುಂಬಿದ ಹೊಟ್ಟಿ ಹೊತ್ಕೊಂಡು ಸಸಿ ಕಿತ್ತಾಕಿ. ನಾನೂ ನನ್ನ ಮಗನ್ನ ಹೊಟ್ಟ್ಯಾಗಿಟ್ಕೊಂಡು ನಾಟಿ ಮುಗಿಯೋತನ ಬಗ್ಗಿದ್ದೆ. ಆವತ್ತು ಹಿಡಿದ ನಡದ ನೋವು ಇವತ್ತಿಗೂ ಮೋಡ ಕಟ್ಟಿತಂದ್ರ ಬಂದು ಮಾತಾಡಿಸಿ ಹೋಗ್ತೈತಿ.

ಖಾತ್ರಿ ಬಂದ ಮ್ಯಾಲ ಹವಾ ಬದಲಾತು. ಗಂಡಸಿಗೆಷ್ಟೋ ಹೆಂಗಸಿಗೂ ಅಷ್ಟೇ ಕೂಲಿ. ಬಸ್ರಿ ಇದ್ದಾಕಿಗೆ ಹಗುರ ಕೆಲಸ. ಸಾಹುಕಾರ್ರು ಕರದ್ರ "ಇವತ್ತು ಖಾತ್ರಿಗೆ ಹೋಗಾಕತ್ತೀವ್ರಿ, ನಾಳಿಗೆ ಬರ್ತೀವಿ" ಅನ್ನಾಕ ಬಂತು. ಅಷ್ಟ ಮಾತು. ಅಷ್ಟಕ್ಕ ಅವರಿಗೆ ಅನ್ನ ಇಳಿಲಿಲ್ಲ.

ಹೋದ ವರ್ಷ ನನ್ನ ಸೊಸಿ ಆರು ತಿಂಗಳ ಬಸ್ರಿ ಇದ್ದಳು. ಮಗ ಸಿಂಧನೂರಿನ ರೈಸ್ ಮಿಲ್ಲಿನ್ಯಾಗ ಚೀಲ ಹೊರ್ತಾನ, ವಾರಕ್ಕೊಮ್ಮೆ ಬರ್ತಾನ; ಮನ್ಯಾಗ ನಾವಿಬ್ಬರೇ. ಇಪ್ಪತ್ತರ ಹುಡುಗಿ. ಭಾಳ ಸಾದಾ, ದೊಡ್ಡೋರ ಮುಂದ ತಲಿ ಎತ್ತಾಕಿ ಅಲ್ಲ. ನಾ ಎದರಿಗಿದ್ರೂ ಗ್ವಾಡಿ ಕೂಡ ಮಾತಾಡಿದಂಗ ಮಾತಾಡ್ತಾಳ. ಅದರ ಹಿಂದಿನ ವರ್ಷ ಆಕಿಗೆ ಒಂದು ಸಲ ಹೊಟ್ಟಿ ಇಳಿದು ಹೋಗಿತ್ತು, ಖಾತ್ರಿ ಕೆಲಸ ಇಲ್ಲದ ನಾಟಿ ದಿನದಾಗ, ಬದುವಿನ ಮ್ಯಾಲ. ನಾ ಸೆರಗು ಹಾಸಿ ಮಲಗಿಸಿದ್ದೆ. ಆ ಹುಡುಗಿ ಅಳಲಿಲ್ಲ, "ಅತ್ತಿ, ಸಸಿ ಒಣಗ್ತಾವ, ನೀ ಹೋಗು" ಅಂದಳು. ಆ ಮಾತು ಕೇಳಿ ನನಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ದವಾಖಾನಿ ಡಾಕ್ಟರಮ್ಮ, ಈ ಸಲ ಮಾತ್ರ ಬಗ್ಗಿಸಬ್ಯಾಡ್ರಿ, ನೀರಾಗ ಇಳಿಸಬ್ಯಾಡ್ರಿ ಅಂತ ನನ್ನ ಕೈ ಹಿಡಿದು ಹೇಳಿದ್ದಳು. ಅದಕ್ಕ ಆಕಿನ್ನ ಖಾತ್ರಿಗೆ ಕರಕೊಂಡು ಹೋಗ್ತಿದ್ದೆ. ಮಂದಿಗೆ ನೀರು ಕೊಡೋ ಕೆಲಸ, ಬೇವಿನ ಗಿಡದ ನೆಳ್ಳು.

ಖಾತ್ರಿ ಇತ್ತಂದ್ರ ಸೊಸಿ ನೆಳ್ಳಾಗ. ಇಲ್ಲಂದ್ರ ರಾಡ್ಯಾಗ. ನನ್ನ ಲೆಕ್ಕ ಇಷ್ಟೇ ಇತ್ತು.

ಈಗ ಸಾಹುಕಾರ್ರ ಮಾತು. ನಮ್ಮೂರ ಸಾಹುಕಾರ್ರು ಬೆಳೆಗಾರರ ಸಂಘಕ್ಕ ಅಧ್ಯಕ್ಷರು. ಸಿಂಧನೂರಾಗ ಯಾರಿಗೆ ಸಂಘ ಇಲ್ಲ ಹೇಳ್ರಿ? ಮಿಲ್ ಮಾಲಕರದೈತಿ, ಗೊಬ್ಬರದಂಗಡಿಯೋರದೈತಿ, ಲಾರಿಯೋರದೈತಿ, ದಲ್ಲಾಳಿ ಮಂದಿದೈತಿ. ಹೊಸ ಸಾಹೇಬ್ರು ಬಂದ್ರಂದ್ರ ಹಾರ ಹಿಡ್ಕೊಂಡು ಮೊದಲ ಹೋಗೋರು ಅವರು. ಮಂತ್ರಿ ಬಂದ್ರ ಗೆಸ್ಟ್‌ಹೌಸಿನ ಒಳಗ ಚಾ ಕುಡಿಯೋರು ಅವರು. ಕಾಲ್ವಿಗೆ ನೀರು ಯಾವಾಗ ಬಿಡಬೇಕು ಅಂತ ಸಭಾ ಆದ್ರ ಅವರು ಒಳಗ, ನಾವು ಹೊಲದಾಗ. ನೀರು ಕಾಲಿಗೆ ತಾಗಿದ ಮ್ಯಾಲ ನಮಗ ಗೊತ್ತಾಗೋದು. ಹೋಗ್ಲಿ ಬಿಡ್ರಿ, ಹೋಗಿ ಕೇಳೋದು ತಪ್ಪಲ್ಲ, ಕೇಳೋರು ಕೇಳಬೇಕು. ಆದ್ರ ಸರಕಾರಕ್ಕ ಇರೋವು ಎರಡ ಕಿವಿ. ಎರಡರ ಮುಂದೂ ಇವರೇ ಖುರ್ಚಿ ಹಾಕ್ಕೊಂಡು ಕುಂತ್ರ ನಾವು ಮಾತಾಡೋದು ಯಾವ ಕಡಿಂದ? ಕಾಯ್ದೆ ಆಕಾಶದಿಂದ ಬೀಳಂಗಿಲ್ಲ. ಯಾರೋ ಒಬ್ಬರು ಹೋಗಿ, ಕುಂತು, ಮತ್ತ ಹೋಗಿ, ಮತ್ತ ಕುಂತು ಮಾಡಿಸ್ಕೊಂಡು ಬಂದಿರ್ತಾರ. ಇದನ್ನ ತಿಳ್ಕೊಳ್ಳಾಕ ನನಗ ಅರ್ಧ ಆಯುಷ್ಯ ಹೋತು.

ಕಾಲ್ವಿಗೆ ನೀರು ಬಿಟ್ಟಿದ್ರು. ಸಸಿ ಮಡಿ ಹಸರಾಗಿ ನಿಂತಿತ್ತು, ನಾಟಿಗೆ ಇನ್ನೂ ಸ್ವಲ್ಪ ದಿನ ಇತ್ತು. ಒಂದಿನ ಸಂಜಿಮುಂದ ಸಾಹುಕಾರ್ರು ಬೈಕ್ ಮ್ಯಾಲ ನಮ್ಮ ಮನಿ ಮುಂದ ಬಂದು ನಿಂತ್ರು. ಅವರು ಇಳಿಯಂಗಿಲ್ಲ, ಗಾಡಿ ಬಂದ್ ಮಾಡಂಗೂ ಇಲ್ಲ. ಗಾಡಿ ಗುರ್ ಅನ್ನಾಕತ್ತಿರ್ತೈತಿ, ಅದರ ಮ್ಯಾಲ ಅವರ ಮಾತು.

"ಏನಬೇ, ನಾಳೆ ಲಿಂಗಸೂಗೂರಿಗೆ ಹೋಗದೈತಿ. ನಿನ್ನ ಗುಂಪೆಲ್ಲ ಕರಕೊಂಡು ಬಾ."

"ಏನೈತ್ರಿ ಸಾಹುಕಾರ್ರ?"

"ಧರಣಿ. ರೈತರ ಸಮಸ್ಯೆ. ದಿನದ ಕೂಲಿ, ನಾಷ್ಟಾ, ಊಟ ಎಲ್ಲಾ ಸಂಘದ್ದೇ. ಸುಮ್ನ ನೆಳ್ಳಾಗ ಕುಂತು, ಕೂಗು ಅಂದಾಗ ಕೂಗಿದ್ರ ಆತು."

ನಾ ಹೂಂ ಅಂದೆ. ಯಾಕನ್ನಬಾರ್ದು? ಜನ ಬೇಕಂದ್ರ ಮೊದಲಿಂದಲೂ ನಮ್ಮನ್ನೇ ಕರೀತಾರ. ಯಾವ ಪಾರ್ಟಿದು ಅಂತ ಕೇಳೋ ರೂಢಿ ನಮ್ಮ ಕಡಿ ಇಲ್ಲ. ಈ ಕಡೀದಕ್ಕೂ ಹೋಗೀವಿ, ಆ ಕಡೀದಕ್ಕೂ ಹೋಗೀವಿ, ಎರಡೂ ಕಡಿ ಪಲಾವ್ ಉಂಡೀವಿ. ಒಂದು ದಿನ ನಡ ನೆಟ್ಟಗ ಮಾಡಿ ಕುಂದ್ರಾಕ ಸಿಕ್ರ ಸಾಕಾಗಿರ್ತೈತಿ. ರೈತರ ಸಮಸ್ಯೆ ಅಂದ್ರ ನೀರಿಂದೋ ರೇಟಿಂದೋ ಇರ್ಬೇಕು ಅಂತ ನಾವು ತಿಳ್ಕೊಂಡ್ವಿ. ಮತ್ತ ಒಲ್ಲೆ ಅನ್ನಾಕ ನನ್ನ ಎಮ್ಮಿನೂ ಬಿಡಬೇಕಲ್ಲ. ನಮ್ಮೆಮ್ಮಿ ತಿನ್ನೋದು ಸಾಹುಕಾರ್ರ ಬದುವಿನ ಹುಲ್ಲು. ಅವರು ಬದುವಿಗೆ ಬರಬ್ಯಾಡ ಅಂದ್ರ ಮುಗೀತು.

ಮರುದಿನ ಟ್ರಾಕ್ಟರಿನ್ಯಾಗ ಸಿಂಧನೂರತನ ಹೋದ್ವಿ. ಒಂದು ಮಿಲ್ಲಿನ ಅಂಗಳದಾಗ ಎಲ್ಲಾ ಊರಿನೋರನ್ನ ಕೂಡ್ಸಿದ್ರು. ಸಾಲಗುಂದದ ಹೆಣ್ಮಕ್ಕಳು ಬಂದಿದ್ರು, ಆಂಧ್ರದಿಂದ ಬಂದು ಕಾಲ್ವಿ ಸೀಮ್ಯಾಗ ನೆಲೆ ನಿಂತ ಕ್ಯಾಂಪಿನ ತೆಲುಗು ಹೆಣ್ಮಕ್ಕಳೂ ಬಂದಿದ್ರು. ಎಲ್ಲಾ ನಾಟಿ ಗುಂಪಿನೋರೇ. ಹೆಗಲಿಗೆ ಒಂದೊಂದು ಹಳದಿ ಟವೆಲ್ ಹಾಕಿದ್ರು. ದೊಡ್ಡಾಕಿ ಅದನ್ನ ಮುಟ್ಟಿ ನೋಡಿ "ಭೇಷೈತಿ ಬಿಡು, ಮನ್ಯಾಗ ರೊಟ್ಟಿ ಸುತ್ತಾಕ ಆಕ್ಕೈತಿ" ಅಂದಳು. ಅಲ್ಲಿಂದ ಮಿನಿ ಲಾರಿ. ಲಾರಿ ಮುಂದ ಸಾಹುಕಾರ್ರ ಕಾರು, ಅದರ ಮುಂದ ಇನ್ನೂ ನಾಕು ಕಾರು.

ಮಸ್ಕಿಯೊಳಗ ಚಾಕ್ಕ ನಿಲ್ಲಿಸಿದ್ರು. ಅಶೋಕನ ಶಾಸನ ಇರೋ ಗುಡ್ಡ ಕಾಣ್ತೈತಲ್ಲ, ಆ ಕಡಿ ಮಾರಿ ಮಾಡಿ ನಿಂತು ಚಾ ಕುಡಿಯಾಕತ್ತಿದ್ವಿ. ಸಂಘದ ಕಾರ್ಯದರ್ಶಿ ಅಂತ ಒಬ್ಬ ಗೊಬ್ಬರದಂಗಡಿ ಮಾಲಕ ಮೈಕ್ ಹಿಡ್ಕೊಂಡು ಬಂದ. ಕೂಗೋದು ಕಲಿಸ್ತೀನಿ ಅಂದ.

"ನಾ 'ನಾಟಿ ಮುಗಿಯೋತನ ಖಾತ್ರಿ ಕೆಲಸ' ಅಂತೀನಿ. ನೀವು 'ಬಂದ್ ಮಾಡ್ರಿ' ಅನ್ಬೇಕು. ತಿಳೀತಿಲ್ಲೋ? ಜೋರಾಗಿ!"

ಯಾರೋ ಇಬ್ಬರು ರೂಢಿ ಮ್ಯಾಲ "ಬಂದ್ ಮಾಡ್ರಿ" ಅಂದೇ ಬಿಟ್ರು. ಆಮ್ಯಾಲ ಅವರಿಗೂ ತಿಳೀತು. ಚಾದ ಕಪ್ಪು ಹಿಡಿದ ಕೈ ಹಂಗೇ ನಿಂತುವು. ನಾ ಕಾರ್ಯದರ್ಶಿ ಮಾರಿ ನೋಡಿದೆ. ಚ್ಯಾಷ್ಟಿ ಮಾಡಾಕತ್ತಾನೇನೋ ಅಂತ. ಇಲ್ಲ, ಬರಾಬ್ಬರಿ ಮನಸಿಟ್ಟು ಹೇಳಾಕತ್ತಿದ್ದ.

ಎಲಾ ಇವರ! ಖಾತ್ರಿ ಬಂದ್ ಮಾಡ್ರಿ ಅಂತ ಕೇಳಾಕ ಖಾತ್ರಿಯೋರನ್ನೇ ಕರಕೊಂಡು ಹೊಂಟಾರ! ನನಗ ಮೊದಲ ನಗು ಬಂತು, ಅದರ ಹಿಂದೇ ಎದಿ ಉರೀತು. ಇದು ಅವರ ಕುತಂತ್ರ ಅಂತ ತಿಳ್ಕೋಬ್ಯಾಡ್ರಿ. ಕುತಂತ್ರ ಆಗಿದ್ರ ನಾ ಅವರಿಗೆ ಒಂದು ಮರ್ಯಾದಿ ಕೊಡ್ತಿದ್ದೆ. ಜನ ಬೇಕಂದ್ರ ನಮ್ಮನ್ನ ತುಂಬ್ಕೊಂಡು ಹೋಗೋದು ಅವರಿಗೆ ಎಷ್ಟು ರೂಢಿ ಆಗೈತಂದ್ರ, ಈ ಧರಣಿ ನಮ್ಮ ಮ್ಯಾಲೇ ಐತಿ ಅನ್ನೋದು ಅವರ ತಲಿಗೇ ಹೋಗಿರಲಿಲ್ಲ. ಚೀಲ ಎಣಿಸಿ ಲಾರಿಗೆ ಹಾಕಿದಂಗ ನಮ್ಮನ್ನ ಹಾಕಿದ್ರು. ಚೀಲಕ್ಕ ಕಿವಿ ಇರ್ತಾವಂತ ಯಾರು ತಿಳ್ಕೊಂತಾರ?

"ಇಲ್ಲಿಂದ್ಲೇ ತಿರುಗಿ ಬಸ್ ಹಿಡಿಯೋಣು ನಡೀರಿ" ಅಂದಳು ಒಬ್ಬಾಕಿ.

"ತಿರುಗಿ ಹೋಗಿ ಏನ್ ಮಾಡ್ತಿ? ಅವರು ಹೋಗಿ ಹೇಳೋದು ಹೇಳೇ ಹೇಳ್ತಾರ" ಅಂದೆ ನಾ. "ಹೋಗೋಣು. ಕೂಡೋಣು. ಕೂಗೋದು ಮಾತ್ರ ಬ್ಯಾಡ."

"ಕೂಗ್ಲಿಲ್ಲಂದ್ರ ಸುಮ್ನ ಬಿಡ್ತಾರೇನು? ನಾಟಿಗೆ ಕರಿಯಂಗಿಲ್ಲ ಅಂದ್ರ?" ಅಂತ ಇನ್ನೊಬ್ಬಾಕಿ. ಆಕಿ ಮಾತಿನ್ಯಾಗ ಖರೆ ಇತ್ತು. ನನಗೂ ಬದುವಿನ ಹುಲ್ಲು ಕಣ್ಣ ಮುಂದ ಬಂತು. ಮನ್ಯಾಗ ಬಾಗಲಿಗೆ ಒರಗಿ ಕುಂತ ಸೊಸಿ, ಆಕಿ ಬಾತ ಕಾಲು ಬಂದ್ವು. "ಯಕ್ಕಾ, ನೀ ಏನಂತಿ?" ಅಂತ ದೊಡ್ಡಾಕಿನ್ನ ಕೇಳಿದೆ. ಆಕಿ ಎಲಿಗೆ ಸುಣ್ಣ ಹಚ್ಚಾಕತ್ತಿದ್ದಳು. "ಚಾ ಆರ್ತೈತಿ, ಕುಡಿ" ಅಂದಳು. ನನಗ ಸಿಟ್ಟು ಬಂತು. ಮೂರು ಗದ್ದಿ ಆಚಿಗೆ ಕೇಳೋ ಬಾಯಿಗೆ ಇವತ್ತ ಏನಾತು ಅಂತ ಮನಸಿನ್ಯಾಗೇ ಬೈದೆ.

ಲಿಂಗಸೂಗೂರಾಗ ದೊಡ್ಡ ಕಚೇರಿ, ಅಂದ್ರ ಉಪವಿಭಾಗದ ಎಸಿ ಸಾಹೇಬ್ರ ಕಚೇರಿ ಮುಂದ ಶಾಮಿಯಾನ ಹಾಕಿದ್ರು. ಹೆಣ್ಮಕ್ಕಳು ಮುಂದ ಕಂಡ್ರ ಫೋಟೋ ಚಲೋ ಬರ್ತಾವಂತ, ನಮ್ಮನ್ನ ಮುಂದ ಕುಂದ್ರಿಸಿದ್ರು. ಸಾಹುಕಾರ್ರು ಭಾಷಣ ಮಾಡಿದ್ರು. ಆಳು ಸಿಗವಲ್ಲವು, ಖಾತ್ರಿ ಬಂದು ಮಂದಿ ಮೈಗಳ್ಳರಾಗ್ಯಾರ, ಹೊಲದಾಗ ಸಸಿ ಮುದಿಯಾಗಾಕತ್ತೈತಿ, ನಾಟಿ ಟೈಮಿನ್ಯಾಗ ಆ ಕೆಲಸ ಬಂದ್ ಮಾಡಿ ರೈತರನ್ನ ಉಳಿಸ್ರಿ ಅಂದ್ರು. ಮೈಗಳ್ಳರು ಅಂದಾಗ ನಾ ನನ್ನ ಅಂಗಾಲು ನೋಡಿದೆ. ನೀರಾಗ ನಿಂತು ನಿಂತು ಒಡೆದ ಕಾಲು. ಬಾಜು ಕುಂತಾಕಿ ಕಾಲೂ ಹಂಗೇ, ಅದರ ಬಾಜೂನಾಕಿದೂ ಹಂಗೇ. ಮೈಗಳ್ಳರ ಕಾಲು ಹಿಂಗಿರ್ತಾವೇನ್ರಿ?

ಕಚೇರಿ ಬಾಗಲಾಗ ಸಾಹೇಬ್ರು ಮನವಿ ತಗೊಳ್ಳಾಕ ಬಂದು ನಿಂತ್ರು. ಕಾರ್ಯದರ್ಶಿ ಮೈಕ್ ಎತ್ತಿದ.

"ನಾಟಿ ಮುಗಿಯೋತನ ಖಾತ್ರಿ ಕೆಲಸ..."

ಯಾರೂ ಉಸಿರು ಬಿಡಲಿಲ್ಲ. ಅವ ತಿರುಗಿ ನಮ್ಮನ್ನ ನೋಡಿ ಕಣ್ಣು ಕಿಸಿದ. ಮತ್ತ ಜೋರಾಗಿ, "ಖಾತ್ರಿ ಕೆಲಸ..." ಅಂದ.

"ಚಾಲೂ ಇಡ್ರಿ!"

ದೊಡ್ಡಾಕಿ. ಕುಂತಲ್ಲೇ, ಬಾಯಾಗಿನ ಎಲಿ ಒಂದು ಕಡಿ ದವಡಿಗೆ ಒತ್ತಿ, ಗದ್ಯಾಗ ಹಾಡು ಎತ್ತಿದಂಗ ಎತ್ತಿದಳು. ಅಷ್ಟೇ ನೋಡ್ರಿ. ನಮ್ಮ ಗುಂಪಿನ ಬಾಯಿ ತಾನೇ ತೆರೀತು. ಸಾಲಗುಂದದೋರ ಬಾಯೂ ತೆರೀತು. ಕ್ಯಾಂಪಿನ ತೆಲುಗು ಹೆಣ್ಮಕ್ಕಳದೂ ತೆರೀತು. ಎಲ್ಲಾರೂ ಗದ್ಯಾಗ ಬೆಳದ ಬಾಯಿ. ಎತ್ತೋಕಿ ಎತ್ತಿದ ಮ್ಯಾಲ ನಿಲ್ಲೋ ಬಾಯಲ್ಲ ಅವು.

"ಚಾಲೂ ಇಡ್ರಿ!"

ಕಾರ್ಯದರ್ಶಿಗೆ ತಲಿ ಕೆಟ್ಟಿತು. ತಪ್ಪು ತಿದ್ದಬೇಕು ಅಂತ ಮತ್ತ ಮತ್ತ "ಖಾತ್ರಿ ಕೆಲಸ" ಅಂತಾನ, ನಾವು ಮತ್ತ ಮತ್ತ "ಚಾಲೂ ಇಡ್ರಿ" ಅಂತೀವಿ. ಹುಚ್ಚಪ್ಪ, ಬಾಯಿ ಮುಚ್ಕೊಂಡಿದ್ರ ನಿಲ್ತಿತ್ತು. ಕಡೀಕೆ ಸಾಹುಕಾರ್ರೇ ಹೋಗಿ ಅವನ ಕೈಲಿದ್ದ ಮೈಕ್ ಕಸ್ಕೊಂಡ್ರು. ಗೇಟಿನ್ಯಾಗ ನಿಂತ ಪೊಲೀಸಪ್ಪ ಟೋಪಿ ಸರಿ ಮಾಡ್ಕೊಂತ ಆ ಕಡಿ ತಿರುಗಿ ನಕ್ಕ.

ಸಾಹೇಬ್ರು ನಗಲಿಲ್ಲ. ಕೆಳಗಿಳಿದು ಬಂದ್ರು. "ಆಳು ಸಿಗ್ತಿಲ್ಲ ಅಂತ ಮನವಿ ಕೊಟ್ಟಿದ್ದೀರಿ. ಇವರೆಲ್ಲ ಯಾರು?" ಅಂತ ಕೇಳಿದ್ರು.

"ರೈತ ಮಹಿಳೆಯರು, ಸರ್" ಅಂದ್ರು ಸಾಹುಕಾರ್ರು, ಕಣ್ಣು ಪಿಳುಕಿಸದಂಗ.

ಸಾಹೇಬ್ರು ನನ್ನ ಕಡಿ ನೋಡಿದ್ರು. ಮುಂದ ಕುಂತಾಕಿ ನಾನೇ ಅಲ್ಲೇನು. "ನಿಮಗೆ ಎಷ್ಟು ಎಕರೆ ಇದೆ ಅಮ್ಮ?"

ನಾ ಎದ್ದು ನಿಂತೆ. ಸಾಹುಕಾರ್ರ ಕಣ್ಣು ನನ್ನ ಮಾರಿ ಮ್ಯಾಲೇ ಇದ್ವು. ಆದ್ರೂ ಹೇಳಿದೆ.

"ಉಗುರಾಗಿನ ಮಣ್ಣು ಬಿಟ್ರ ನಮಗ ಬ್ಯಾರೆ ಮಣ್ಣಿಲ್ರಿ ಸಾಹೇಬ್ರ. ನಾವು ಇವರ ಗದ್ಯಾಗ ನೆಲ್ಲು ಹಚ್ಚೋ ಆಳು. ಆಳು ಸಿಗವಲ್ಲವು ಅಂತ ಹೇಳಾಕ ಆಳನ್ನೇ ಗಾಡಿ ತುಂಬಿ ತಂದಾರ."

ಈ ಸಲ ಪೊಲೀಸಪ್ಪ ಈ ಕಡಿ ತಿರುಗೇ ನಕ್ಕ. ನಾ ನಿಲ್ಲಲಿಲ್ಲ. ನಿಂತ್ರ ಮತ್ತ ಬಾಯಿ ಬರಂಗಿಲ್ಲ ಅನಿಸ್ತು.

"ನಾವು ನಾಟಿ ಮಾಡಂಗಿಲ್ಲ ಅಂದಿಲ್ರಿ. ಕರದ್ರ ಬರ್ತೀವಿ. ಎಳ್ಕೊಂಡು ಹೋದ್ರ ಬರಂಗಿಲ್ಲ. ಖಾತ್ರಿ ಇದ್ರ ಇವರು ನಮ್ಮನ್ನ ಕರೀತಾರ, ಇಲ್ಲಂದ್ರ ಎಳೀತಾರ. ಇವರಿಗೆ ಬೇಕಾಗಿರೋದು ಆಳಲ್ರಿ, ಒಲ್ಲೆ ಅನ್ನದ ಆಳು. ನನ್ನ ಸೊಸಿ ಹೊಟ್ಟೀಲೆ ಅದಾಳ. ಒಂದು ಕೂಸು ಇವರ ಬದುವಿನ ಮ್ಯಾಲೇ ಹೋಗೈತಿ. ಎರಡನೇದನ್ನ ನಾ ಕೊಡಂಗಿಲ್ಲ. ಒಲ್ಲೆ ಅಂದ್ರ ಒಲ್ಲೆ. ಬರ್ಕೋರಿ."

ಸಾಹೇಬ್ರು ಕೈಯಾಗಿನ ಮನವಿ ಮಡಚಿದ್ರು. ಆಮ್ಯಾಲ "ನಿಮ್ಮದು ಯಾವ ಸಂಘ?" ಅಂದ್ರು. "ಸಂಘ ಇಲ್ರಿ" ಅಂದೆ. "ಸಂಘದಿಂದ ಒಂದು ಮನವಿ ಕೊಟ್ಟಿದ್ರೆ ಎರಡೂ ಒಟ್ಟಿಗೆ ಕಳಿಸಬಹುದಿತ್ತು. ನೀವು ಹೇಳಿದ್ದನ್ನ ಬರೆದು ಕಳಿಸ್ತೀನಿ. ತೀರ್ಮಾನ ಮೇಲಿನವರದು" ಅಂದು ಒಳಗ ಹೋದ್ರು. ಸಾಹೇಬ್ರು ಕೆಟ್ಟೋರಲ್ಲ. ಆದ್ರ ಅಷ್ಟು ಮಂದಿ ಎದರಿಗೆ ಕುಂತು ಒಂದೇ ಬಾಯಿಲೆ ಕೂಗಿದ್ರೂ ನಿಮ್ಮದು ಯಾವ ಸಂಘ ಅಂತ ಕೇಳ್ತಾರಲ್ಲ, 'ನಾವು ಇಷ್ಟು ಮಂದಿ ಸಂಘ ಅಲ್ದ ಏನು ಮತ್ತ' ಅಂತ ನನಗ ಅನ್ನಾಕ ಹೊಳಿಲಿಲ್ಲ. ಮನಿಗೆ ಬಂದು ರೊಟ್ಟಿ ಬಡಿಬೇಕಾದ್ರ ಹೊಳೀತು.

ಸಂಘದೋರು ಗಾಡಿ ತಗೊಂಡು ಹೊಂಟೇ ಹೋದ್ರು. ನಾಷ್ಟಾ ಚಾ ಮೊದಲೇ ಆಗಿತ್ತು, ಪಲಾವಿನ ಪಾತೇಲಿ ಇಳಿಸಿದೋರು ಏರಿಸಾಕ ಮರ್ತಿದ್ರು. ಬಿಡ್ತೀವೇನು? ಅಲ್ಲೇ ಗಿಡದ ಕೆಳಗ ಎಲ್ಲಾ ಊರಿನೋರು ಸುತ್ತುಗಟ್ಟಿ ಕುಂತು ಉಂಡ್ವಿ. ಉಣ್ಣೋತ್ನಾಗ ನಿಮ್ಮೂರು ಯಾವುದು, ನಿಮ್ಮ ಗುಂಪಿನಾಗ ಎತ್ತೋಕಿ ಯಾರು ಅಂತ ಕೇಳಿದ್ವಿ. ಮೊಬೈಲ್ ನಂಬರ್ ತಗೊಂಡ್ವಿ. ಅಲ್ಲಿತನ ಸಾಲಗುಂದದ ಗುಂಪು ಅಂದ್ರ ನಮಗ ನಮ್ಮ ಕೂಲಿ ಕಸ್ಕೊಳ್ಳೋರು ಅಂತಿತ್ತು. ನಾವು ಬರಂಗಿಲ್ಲ ಅಂದ್ರ ಸಾಹುಕಾರ್ರು ಅವರನ್ನ ತರ್ತಿದ್ರು, ಅವರು ಬರಂಗಿಲ್ಲ ಅಂದ್ರ ನಮ್ಮನ್ನ ಒಯ್ತಿದ್ರು. ಒಬ್ಬರ ಮಾರಿ ಒಬ್ಬರು ನೋಡಿದ್ದೇ ಇಲ್ಲ. ಆಮ್ಯಾಲ ಸರಕಾರಿ ಬಸ್ಸು ಹತ್ತಿ, ಹೆಣ್ಮಕ್ಕಳಿಗೆ ಪುಕ್ಕಟೆ ಅಲ್ಲೇನು, ಹಳದಿ ಟವೆಲ್ ಹೊದ್ಕೊಂಡು ಹಾಡ್ಕೊಂತ ಬಂದ್ವಿ. ದೊಡ್ಡಾಕಿನ್ನ "ಯಕ್ಕಾ, ಮಸ್ಕಿಯಾಗ ಕೇಳಿದ್ರ ಯಾಕ ಹೇಳಲಿಲ್ಲ?" ಅಂದೆ. "ಅಲ್ಲೇ ಹೇಳಿದ್ರ ಅಲ್ಲೇ ಇಳಿಸ್ತಿದ್ರು ಹುಚ್ಚಿ" ಅಂದು ಕಿಟಕ್ಯಾಗ ಎಲಿ ಉಗುಳಿದಳು.

ಇಲ್ಲಿಗೇ ಕತಿ ಮುಗಿದಿದ್ರ ಚಂದಿತ್ತು. ಮುಗಿಲಿಲ್ಲ. ನಾಟಿ ಚಾಲೂ ಆಗೋ ಹೊತ್ತಿಗೆ ಹಳ್ಳದ ಕೆಲಸ ಮುಗೀತು, ಹೊಸ ಕೆಲಸ ಬರಲಿಲ್ಲ. ಪಂಚಾಯ್ತಿಗೆ ಹೋಗಿ ಕೇಳಿದೆ. ಮ್ಯಾಲಿಂದ ಬಂದಿಲ್ಲಮ್ಮ ಅಂದ್ರು. ಮ್ಯಾಲ ಅಂದ್ರ ಯಾರ್ರಿ ಅಂದೆ. ಮ್ಯಾಲ ಅಂದ್ರ ಮ್ಯಾಲ ಅಂದ್ರು. ಯಾರು ಹೇಳಿದ್ರು, ಯಾರು ಕೇಳಿದ್ರು, ಒಂದೂ ತಿಳಿಲಿಲ್ಲ. ನಾವು ಒಂದು ದಿನ ಕೂಗಿ ಬಂದಿದ್ವಿ, ಅವರು ಮರುದಿನವೂ ಹೋಗಿರಬೇಕು, ಅದರ ಮರುದಿನವೂ ಹೋಗಿರಬೇಕು. ನನ್ನ ಎದಿ ಒಡೀತು. ಬದುವಿನ ಹುಲ್ಲಂತೂ ಲಿಂಗಸೂಗೂರಿಂದ ಬಂದ ಮರುದಿನಾನೇ ಬಂದ್ ಆಗಿತ್ತು. ಎಮ್ಮಿ ಹೊಡ್ಕೊಂಡು ಕಾಲ್ವಿ ದಂಡಿ ಹಿಡಿದು ಎಲ್ಲೆಲ್ಲೋ ತಿರುಗಾಕತ್ತಿದ್ದೆ.

ಸಾಹುಕಾರ್ರ ಆಳು ಬಂದು ಮೊದಲಿನಂಗೇ ಕೂಗಿದ. "ನಿಮ್ಮ ಮನ್ಯಾಗ ಇಬ್ಬರು!"

"ಒಬ್ಬಾಕಿ" ಅಂದೆ.

"ಇಬ್ಬರು ಅಂದಾರ. ಇಲ್ಲಂದ್ರ ಒಬ್ಬಾಕಿನೂ ಬ್ಯಾಡಂತ."

"ಹಂಗಾರ ಒಬ್ಬಾಕಿನೂ ಇಲ್ಲ ಅಂತ ಹೇಳು ಹೋಗು."

ನಾ ದೊಡ್ಡಾಕಿ ಮನಿಗೆ ಹೋದೆ. ಆಕಿ ಕೇಳಿದಳು, ಎದ್ದಳು, ಕಟ್ಟಿ ಮ್ಯಾಲ ಹೋಗಿ ನಿಂತು ನಾಕು ಮಾತಾಡಿದಳು. ಮರುದಿನ ನಮ್ಮ ಗುಂಪಿನ ಒಬ್ಬಾಕಿನೂ ಆ ಗದ್ದಿಗೆ ಇಳಿಲಿಲ್ಲ. ಸಾಹುಕಾರ್ರು ನಕ್ಕಿರಬೇಕು. ಗಾಡಿ ತಗೊಂಡು ಸಾಲಗುಂದಕ್ಕ ಹೋದ್ರು. ಅವರು ಮುಟ್ಟೋಕಿಂತ ಮೊದಲ ನನ್ನ ಫೋನ್ ಮುಟ್ಟಿತ್ತು. ಆ ಗುಂಪಿನಾಕಿ "ಅದೇ ಪಲಾವಿನ ಸಾಹುಕಾರ್ರೇನಬೇ?" ಅಂತ ಕೇಳಿ ನಕ್ಕಿದ್ದಳು. ಸಾಲಗುಂದದೋರು ಬರಂಗಿಲ್ಲ ಅಂದ್ರು. ಕ್ಯಾಂಪಿಗೆ ಹೋದ್ರು, ಅಲ್ಲೂ ಅದೇ ಮಾತು. ನಮ್ಮನ್ನ ಒಂದ ಶಾಮಿಯಾನದ ಕೆಳಗ ಕೂಡ್ಸಿ ಗುರ್ತು ಮಾಡಿಸಿದೋರು ಅವರೇ. ನಾವು ಯಾರ ಮನಿಗೂ ಹೋಗಿ ಸಂಘ ಕಟ್ಟಲಿಲ್ಲ. ಅವರೇ ಲಾರಿ ಮಾಡಿ, ಊಟ ಹಾಕಿ ಕಟ್ಟಿಕೊಟ್ರು.

ಖಾಲಿ ಕುಂತ ದಿನ ಸುಖದ್ದಲ್ಲ. ಒಲಿ ಮುಂದ ಕುಂತು ನಾ ಹೆದರೀನಿ. ಮಗ ಬಂದು "ಯವ್ವಾ, ದೊಡ್ಡೋರ ಕೂಡ ಯಾಕ ಹಟ" ಅಂದ. "ನೀ ಚೀಲ ಹೊರು ಹೋಗು" ಅಂದೆ. ಆದ್ರ ಸಸಿ ಮನಷ್ಯಾರಂಗ ಕಾಯಂಗಿಲ್ಲ. ಮಡ್ಯಾಗ ಉದ್ದ ಬೆಳದು ಹಳದಿ ತಿರುಗಾಕತ್ತಿತು, ಮುದಿ ಸಸಿ ಹಚ್ಚಿದ್ರ ತೆನಿ ಬರಂಗಿಲ್ಲ. ಅದು ನನಗೂ ಗೊತ್ತು, ಸಾಹುಕಾರ್ರಿಗೂ ಗೊತ್ತು.

ಒಂದಿನ ಸಂಜಿಮುಂದ ಬೈಕ್ ಬಂತು. ಈ ಸಲ ಗುರ್ ಅನ್ನೋದು ನಿಂತಿತು. ಸಾಹುಕಾರ್ರು ಇಳಿದು ಕಟ್ಟಿತನ ನಡಕೊಂಡು ಬಂದ್ರು. ಕುಂದ್ರಿ ಅಂದೆ, ಕುಂದರಲಿಲ್ಲ.

"ಆತು ಬಿಡಬೇ. ಗುಂಪು ಕರಕೊಂಡು ಬಾ. ಹುಲ್ಲು ಬೇಕಾದಷ್ಟು ಕೊಯ್ಕೋ."

"ಸೊಸಿ ಬರಂಗಿಲ್ರಿ."

ಅವರು ನನ್ನ ದಾಟಿ ಬಾಗಲ ಕಡಿ ನೋಡಿದ್ರು. ಸೊಸಿ ಹೊಸ್ತಿಲದ ಒಳಗ ಗ್ವಾಡಿ ಹಿಡ್ಕೊಂಡು ನಿಂತಿದ್ದಳು. ಶಾಣ್ಯಾ ಮನಷ್ಯ ಅವರು. ಹಳೇ ಮುದುಕಿ ಮಣಿಲಿಲ್ಲಂದ್ರ ಹೊಸಾಕಿ ಮಣೀತಾಳ ಅಂತ ಗೊತ್ತು. ದನಿ ಮೆತ್ತಗ ಮಾಡಿ ಕೇಳಿದ್ರು.

"ನಿಮ್ಮತ್ತಿದು ಬಿಡವ್ವ, ಆಕೀದು ಹಟ. ನೀ ಹೇಳು. ದಂಡಿಗೆ ನಿಂತು ಸಸಿ ಕೊಟ್ರ ಸಾಕು. ಬರ್ತಿಯಿಲ್ಲೋ?"

ನನಗ ಬಾಯಿ ಬಡ್ಕೊಬೇಕು ಅನಿಸ್ತು. ಆ ಹುಡುಗಿ ಯಾರಿಗೂ ಇಲ್ಲ ಅಂದಾಕಿ ಅಲ್ಲ. ರಕ್ತ ಸುರಿಯೋತ್ನಾಗೂ ಸಸಿ ಒಣಗ್ತಾವ, ನೀ ಹೋಗು ಅಂದಾಕಿ. ನಾ ನಡುವ ಮಾತಾಡಬೇಕು ಅನ್ನೋಷ್ಟರಾಗ ಆಕಿ ಗ್ವಾಡಿ ಬಿಟ್ಟು ಹೊಸ್ತಿಲ ದಾಟಿ ಬಂದಳು. ಒಂದು ಕೈ ಹೊಟ್ಟಿ ಮ್ಯಾಲಿತ್ತು. ಸಾಹುಕಾರ್ರ ಮಾರಿ ನೋಡೇ ಅಂದಳು.

"ಒಲ್ಲೆರೀ."

'ರೀ' ಬಿಡಲಿಲ್ಲ ನೋಡ್ರಿ, ಮರ್ಯಾದಿ ಕಮ್ಮಿ ಮಾಡಲಿಲ್ಲ. ಒಲ್ಲೆ ಅಂತ ನಮ್ಮತ್ತಿ ಸಾಯೋತನ ಅನ್ನಲಿಲ್ಲ. ನಾ ಅನ್ನಬೇಕಾದ್ರ ತಲಿ ಬೆಳ್ಳಗಾಗಿತ್ತು, ಹಿಂದ ಅಷ್ಟು ಮಂದಿ ಕುಂತಿದ್ರು. ಆಕಿ ಒಬ್ಬಾಕಿನೇ ನಿಂತು, ಎದರಾ ಎದರಿಗೇ ಅಂದಳು. ಸಾಹುಕಾರ್ರು ಹೂಂ ಅಂದು ಗಾಡಿ ಹತ್ತಿದ್ರು. ಮರುದಿನ ಮುಂಜಾನೆ ನಾವು ನಾಟಿಗೆ ಇಳದ್ವಿ, ನಮ್ಮ ಮನಿಯಿಂದ ಒಬ್ಬಾಕಿ.

ಈಗ ಮೊಮ್ಮಗಳು ಗ್ವಾಡಿ ಹಿಡ್ಕೊಂಡು ನಿಂದ್ರಾಕತ್ತಾಳ. ಖಾತ್ರಿ ಕೆಲಸ ನಾಟಿ ಟೈಮಿನ್ಯಾಗ ಈ ವರ್ಷಾನೂ ಬಂದಿಲ್ಲ. ಮ್ಯಾಲಿನೋರು ಅಂದ್ರ ಯಾರು ಅಂತ ಕೇಳಾಕ ಬರೋ ವಾರ ಲಿಂಗಸೂಗೂರಿಗೆ ಹೊಂಟೀವಿ. ಸಾಲಗುಂದದೋರು ಸಿಂಧನೂರಾಗ ಕೂಡ್ತಾರ, ಕ್ಯಾಂಪಿನೋರೂ ಬರ್ತಾರ. ಯಾವ ಸಂಘ ಅಂತ ಕೇಳಿದ್ರ ಏನನ್ನಬೇಕು ಅಂತ ಈಗ ನನಗ ಗೊತ್ತೈತಿ. ಹಳದಿ ಟವೆಲ್ ಒಗೆದು ಹಗ್ಗದ ಮ್ಯಾಲ ಹಾಕೀನಿ. ಸೊಸಿ ಕೂಸಿನ್ನ ಎತ್ಕೊಂಡು ನಾನೂ ಬರ್ತೀನಿ ಅಂದಾಳ. ಬ್ಯಾಡ, ಬಿಸಲೈತಿ ಅಂದೆ. ಮನಿ ಯಜಮಾನಿ ನಾನು, ಇನ್ನೂ ನನ್ನ ಮಾತು ನಡಿತೈತಿ ಅಂತ ತಿಳ್ಕೊಂಡಿದ್ದೆ.

"ಮನ್ಯಾಗಿರಾಕ ಒಲ್ಲೆ ಅತ್ತಿ" ಅಂದಳು.